ತಂತಿಕಳ್ಳರು, ಸಾಹೇಬ ಮತ್ತು ಮೌನ: ಬ್ರಿಟಿಷ್ ಬೇಹು ಚಿತ್ರಗಳ ಹಿನ್ನೆಲೆಯಲ್ಲಿ ಭೀಮಾತೀರ

ಬ್ರಿಟಿಷ್ ಗೂಢಚಾರ ಮತ್ತು ರಹಸ್ಯ ಚಿತ್ರಗಳ ಚರ್ಚೆ ಸಾಮಾನ್ಯವಾಗಿ ಲಂಡನ್, ಬರ್ಲಿನ್, ವಿಯೆನ್ನಾಗಳ ಸುತ್ತ ನಡೆಯುತ್ತದೆ. ಕ್ಯಾರಲ್ ರೀಡ್ ನಿರ್ದೇಶಿಸಿದ ‘ದಿ ಥರ್ಡ್ ಮ್ಯಾನ್’ (1949) ಚಿತ್ರದ ಪ್ರಸಿದ್ಧ ಬೆನ್ನಟ್ಟುವಿಕೆ ವಿಯೆನ್ನಾದ ನೆಲದಡಿಯ ಚರಂಡಿಗಳಲ್ಲಿ ನಡೆದರೆ, ‘ದಿ ಸ್ಪೈ ಹೂ ಕೇಮ್ ಇನ್ ಫ್ರಮ್ ದಿ ಕೋಲ್ಡ್’ (1965) ಬರ್ಲಿನ್ ಗೋಡೆಯ ಬುಡದಲ್ಲಿ ಕೊನೆಗೊಳ್ಳುತ್ತದೆ. ಹೀಗಾಗಿ ಈ ಪ್ರಕಾರವು ಮಹಾಯುದ್ಧಗಳ ಮತ್ತು ಶೀತಲ ಸಮರದ ಸಂತಾನವೆಂಬ ತಿಳಿವಳಿಕೆ ಬೆಳೆದುಬಂದಿದೆ. ಈ ತಿಳಿವಳಿಕೆ ತಪ್ಪಲ್ಲ, ಅಪೂರ್ಣವಾದುದು. ಪರರ ನಡುವೆ ಪರರ ವೇಷದಲ್ಲಿ ಬಾಳಿ, ಅವರ ಒಳನುಡಿಯನ್ನು ಕಲಿತು, ಅವರ ಗುಟ್ಟನ್ನು ಹೊತ್ತು ಮರಳುವ ಅಧಿಕಾರಿಯ ಪಾತ್ರವು ಚಲನಚಿತ್ರ ಹುಟ್ಟುವುದಕ್ಕೆ ಬಹಳ ಹಿಂದೆಯೇ ವಸಾಹತು ಭಾರತದಲ್ಲಿ ರೂಪುಗೊಳ್ಳತೊಡಗಿತ್ತು. ಹಾಗೆ ರೂಪುಗೊಂಡ ಕಥನದ ಒಂದು ಮುಖ್ಯ ಎಳೆ ಕನ್ನಡ ನೆಲದಲ್ಲಿ, ನಿರ್ದಿಷ್ಟವಾಗಿ ಭೀಮಾ ಮತ್ತು ಕೃಷ್ಣಾ ನದಿಗಳ ನಡುವಣ ಸೀಮೆಯಲ್ಲಿ ಹಾದುಹೋಗುತ್ತದೆ. ಜೇವರ್ಗಿ, ಆಳಂದ, ಅಫಜಲಪುರ ತಾಲ್ಲೂಕುಗಳ ಪರಿಸರದಲ್ಲಿ ಅದರ ಗುರುತುಗಳನ್ನು ಅರಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಎಳೆಯ ಕೇಂದ್ರದಲ್ಲಿರುವ ವ್ಯಕ್ತಿ ಫಿಲಿಪ್ ಮೆಡೋಸ್ ಟೇಲರ್ (1808–1876). ಸುರಪುರ ಸಂಸ್ಥಾನದ ಆಡಳಿತಗಾರನಾಗಿ, ‘ಟೇಲರ್ ಮಂಜಿಲ್’ ಕಟ್ಟಿಸಿದವನಾಗಿ ಆತ ಕನ್ನಡ ಅಧ್ಯಯನಕಾರರಿಗೆ ಪರಿಚಿತ. ಆದರೆ ಅಪರಾಧ ಕಥನದ ಚರಿತ್ರೆಯಲ್ಲಿ ಆತನ ಸ್ಥಾನವೇನು ಎಂಬ ಪ್ರಶ್ನೆಯನ್ನು ಕನ್ನಡದಲ್ಲಿ ಅಷ್ಟಾಗಿ ಎತ್ತಿಲ್ಲ.

ಹೆಸರುಗಳ ಸಾಕ್ಷ್ಯ

ಮೊದಲು ಪದಗಳನ್ನು ಗಮನಿಸಬೇಕು. ಇಂಗ್ಲಿಷಿನ ‘ಥಗ್’ ಹಿಂದಿಯ ‘ಠಗ್’ನಿಂದ ಬಂದದ್ದು. ಕನ್ನಡದ ‘ಠಕ್ಕ’ ಅದೇ ಬಳಗದ ಶಬ್ದ. ಆದರೆ ಕನ್ನಡದ ಠಕ್ಕ ಮೋಸಗಾರನೇ ಹೊರತು ಕೊಲೆಗಾರನಲ್ಲ. ‘ಠಕ್ಕುತನ’ಕ್ಕೆ ಒಂದು ಬಗೆಯ ಜಾಣತನದ ಛಾಯೆಯೂ ಉಂಟು. ದಾರಿಹೋಕರೊಡನೆ ಸ್ನೇಹ ಬೆಳೆಸಿ, ಕತ್ತಿಗೆ ಉರುಲು ಬಿಗಿದು ಕೊಂದು ದೋಚುತ್ತಿದ್ದ ತಂಡಗಳಿಗೆ ದಕ್ಷಿಣದಲ್ಲಿ ಇದ್ದ ಹೆಸರುಗಳೇ ಬೇರೆ. ಮದ್ರಾಸಿನ ವೈದ್ಯಾಧಿಕಾರಿ ಶೆರ್ವುಡ್ 1816ರಲ್ಲಿ ‘ಫಾನ್ಸಿಗಾರ’ರ ಕುರಿತು ಬರೆದ ಪ್ರಬಂಧವು ಮುಂದೆ ‘ಏಷಿಯಾಟಿಕ್ ರಿಸರ್ಚಸ್’ನಲ್ಲಿ ಮರುಮುದ್ರಣಗೊಂಡು ಪ್ರಸಿದ್ಧವಾಯಿತು. ಆತ ಅಲ್ಲಿ ತಮಿಳು, ತೆಲುಗು ಹೆಸರುಗಳ ಜೊತೆಗೆ ಕನ್ನಡದ ಹೆಸರನ್ನೂ ದಾಖಲಿಸಿದ್ದಾನೆ: ‘ತಂತಿಕಳ್ಳರು’. ತಂತಿಯ ಅಥವಾ ನರದ ಉರುಲು ಬಳಸುವವರು ಎಂಬುದು ಆ ಹೆಸರಿಗೆ ಆತ ಕೊಡುವ ವಿವರಣೆ. ಶ್ರೀರಂಗಪಟ್ಟಣ ಬಿದ್ದ 1799ರಲ್ಲೇ ಬೆಂಗಳೂರಿನ ಆಸುಪಾಸಿನಲ್ಲಿ ಸುಮಾರು ನೂರು ಮಂದಿ ಫಾನ್ಸಿಗಾರರನ್ನು ಹಿಡಿಯಲಾಯಿತೆಂದೂ, ಇಂಥವರ ಇರವು ಕಂಪನಿಯ ಅರಿವಿಗೆ ಬಂದದ್ದು ಆಗಲೇ ಎಂದೂ ಆ ಕಾಲದ ಬರಹಗಳು ಹೇಳುತ್ತವೆ.

1799ನೆಯ ವರ್ಷ ಇನ್ನೊಂದು ಕಾರಣಕ್ಕೂ ನೆನಪಿಡತಕ್ಕದ್ದು. ಇಂಗ್ಲಿಷ್ ಪತ್ತೇದಾರಿ ಕಾದಂಬರಿಯ ಮೊದಲ ಮೈಲಿಗಲ್ಲುಗಳಲ್ಲಿ ಒಂದಾದ ವಿಲ್ಕಿ ಕಾಲಿನ್ಸನ ‘ದಿ ಮೂನ್‌ಸ್ಟೋನ್’ (1868) ತೆರೆದುಕೊಳ್ಳುವುದೇ ಶ್ರೀರಂಗಪಟ್ಟಣದ ಲೂಟಿಯಿಂದ. ಅಲ್ಲಿ ಅಪಹೃತವಾದ ವಜ್ರವನ್ನು ಹಿಂಬಾಲಿಸಿ ಮೂವರು ಬ್ರಾಹ್ಮಣರು ಜಾದೂಗಾರರ ವೇಷದಲ್ಲಿ ಇಂಗ್ಲೆಂಡಿನ ಹಳ್ಳಿಮನೆಯವರೆಗೂ ಹೋಗುತ್ತಾರೆ. ಬಿಬಿಸಿ ಈ ಕಾದಂಬರಿಯನ್ನು 1959ರಿಂದ 2016ರವರೆಗೆ ಮತ್ತೆ ಮತ್ತೆ ತೆರೆಗೆ ತಂದಿದೆ. ಬ್ರಿಟಿಷ್ ರಹಸ್ಯ ಕಥನದ ಆರಂಭದಲ್ಲೇ ಕದ್ದವನು ಸಾಹೇಬ, ವೇಷ ಧರಿಸಿದವರು ಕಳೆದುಕೊಂಡವರು ಎಂಬುದು ಗಮನಾರ್ಹ. ಮುಂದಿನ ಚಿತ್ರಗಳಲ್ಲಿ ಈ ಸ್ಥಾನಗಳು ಅದಲುಬದಲಾಗುತ್ತವೆ.

ಠಕ್ಕರ ದಮನವನ್ನು ಮುನ್ನಡೆಸಿದ ವಿಲಿಯಂ ಸ್ಲೀಮನ್ 1836ರಲ್ಲಿ ಕಲ್ಕತ್ತೆಯಿಂದ ಪ್ರಕಟಿಸಿದ ‘ರಾಮಸೀಯಾನಾ’ ಭಾಷಾ ಅಧ್ಯಯನಕಾರರು ವಿಶೇಷವಾಗಿ ನೋಡಬೇಕಾದ ಗ್ರಂಥ. ಅದು ಠಕ್ಕರ ಗುಪ್ತನುಡಿಯಾದ ‘ರಾಮಸಿ’ಯ ಪದಕೋಶ. ದಾರಿಹೋಕನನ್ನು ಪುಸಲಾಯಿಸುವವನು ‘ಸೋಠಾ’, ಉರುಲು ಬಿಗಿಯುವವನು ‘ಭುರ್ತೋಟಿ’, ಕೊಲ್ಲಲು ಕೊಡುವ ಸಂಜ್ಞೆ ‘ಝಿರ್ಣಿ’. ತಂಬಾಕು ತರಲು ಹೇಳುವ ಸಾಮಾನ್ಯ ಮಾತೇ ಆ ಸಂಜ್ಞೆಯಾಗಬಹುದಿತ್ತು. ಇದಕ್ಕೆ ನಾಲ್ಕು ವರ್ಷ ಮೊದಲು, 1832ರಲ್ಲಿ, ವಿಲಿಯಂ ರೀವನ ಕನ್ನಡ–ಇಂಗ್ಲಿಷ್ ನಿಘಂಟು ಹೊರಬಂದಿತ್ತು. ಒಂದು ನಿಘಂಟು ಜನರೊಡನೆ ಮಾತನಾಡಲು, ಇನ್ನೊಂದು ಜನರನ್ನು ಹಿಡಿಯಲು. ವಸಾಹತು ಕಾಲದ ಭಾಷಾಜ್ಞಾನದ ಈ ಎರಡು ಮುಖಗಳನ್ನು ಒಟ್ಟಿಗೆ ಇಟ್ಟು ನೋಡುವ ಕೆಲಸ ನಮ್ಮ ನಿಘಂಟು ಚರಿತ್ರೆಗಳಲ್ಲಿ ಆಗಿಲ್ಲವೆಂದೇ ಹೇಳಬೇಕು. ರಾಮಸೀಯಾನಾ ಬಂದ ವರ್ಷದಲ್ಲೇ ಜಾರಿಗೆ ಬಂದ 1836ರ 30ನೆಯ ಕಾಯಿದೆಯಂತೆ, ನಿರ್ದಿಷ್ಟ ಕೊಲೆಯೊಂದನ್ನು ಸಾಬೀತುಪಡಿಸಬೇಕಾದ ಅಗತ್ಯವಿರಲಿಲ್ಲ. ಠಕ್ಕರ ತಂಡಕ್ಕೆ ಸೇರಿದವನೆಂದು ತೋರಿಸಿದರೆ ಸಾಕು, ಜೀವಾವಧಿ ಸೆರೆ. ಹಾಗೆ ತೋರಿಸುವ ಸಾಕ್ಷಿ ಬಹುಪಾಲು ತಪ್ಪೊಪ್ಪಿಕೊಂಡು ಮಾಫಿ ಸಾಕ್ಷಿಯಾದ ಇನ್ನೊಬ್ಬ ಠಕ್ಕನದು. ಇಡೀ ವ್ಯವಸ್ಥೆ ನಿಂತಿದ್ದುದು ಬಾಯಿ ಬಿಡುವವನ ಮೇಲೆ.

ಸಾಹೇಬ ಕೇಳುತ್ತಾನೆ, ಠಕ್ಕ ಹೇಳುತ್ತಾನೆ

ಲಿವರ್‌ಪೂಲಿನಲ್ಲಿ ಹುಟ್ಟಿದ ಟೇಲರ್ ಹದಿಹರೆಯದಲ್ಲೇ, 1824ರಲ್ಲಿ, ಭಾರತಕ್ಕೆ ಬಂದವನು. ವ್ಯಾಪಾರದ ಕೆಲಸ ಕೈಗೂಡದೆ ನಿಜಾಮನ ಸೈನ್ಯವನ್ನು ಸೇರಿ, ಹದಿನೆಂಟರ ಹರೆಯದಲ್ಲಿ ನಿಜಾಮ್ ಸಂಸ್ಥಾನದ ನೈಋತ್ಯ ಭಾಗದ ಪೊಲೀಸ್ ಸಹಾಯಕ ಸೂಪರಿಂಟೆಂಡೆಂಟನಾದ. ಆ ಕೆಲಸದಿಂದ ದಂಡಿಗೆ ಹಿಂದಿರುಗಬೇಕಾಗಿ ಬಂದುದರಿಂದ ಠಕ್ಕರ ಜಾಲವನ್ನು ಮೊದಲು ಬಯಲಿಗೆಳೆದ ಕೀರ್ತಿ ತನ್ನ ಕೈತಪ್ಪಿತೆಂಬ ಕೊರಗನ್ನು ಆತ ತನ್ನ ಆತ್ಮಕಥೆಯಲ್ಲಿ (1877) ತೋಡಿಕೊಂಡಿದ್ದಾನೆ. ಕೀರ್ತಿ ಸ್ಲೀಮನ್ನನ ಪಾಲಾಯಿತು. ಟೇಲರನ ಪಾಲಿಗೆ ಬಂದದ್ದು ಹೈದರಾಬಾದಿನಲ್ಲಿ ಸೆರೆಸಿಕ್ಕ ಠಕ್ಕರ ಹೇಳಿಕೆಗಳನ್ನು ಬರೆದುಕೊಳ್ಳುವ ಕೆಲಸ. ಆ ಹೇಳಿಕೆಗಳಿಂದಲೇ ‘ಕನ್ಫೆಷನ್ಸ್ ಆಫ್ ಎ ಥಗ್’ (1839) ಕಾದಂಬರಿ ಮೂರು ಸಂಪುಟಗಳಲ್ಲಿ ಬೆಳೆದು ಲಂಡನ್ನಿನಲ್ಲಿ ಪ್ರಕಟವಾಯಿತು. ಅಚ್ಚಿನ ಕರಡುಗಳನ್ನೇ ರಾಣಿ ವಿಕ್ಟೋರಿಯಾ ತರಿಸಿಕೊಂಡು ಓದಿದಳೆಂಬ ಸಂಗತಿಯನ್ನು ಲೇಖಕ ಹೆಮ್ಮೆಯಿಂದ ನೆನೆಯುತ್ತಾನೆ.

ಕಾದಂಬರಿಯ ರಚನೆ ಸರಳ. ಅಮೀರ್ ಅಲಿ ಎಂಬ ಠಕ್ಕ ಸೆರೆಮನೆಯಲ್ಲಿ ಒಬ್ಬ ಸಾಹೇಬನ ಮುಂದೆ ತನ್ನ ಬದುಕನ್ನು ನಿರೂಪಿಸುತ್ತಾನೆ. ತನ್ನ ಕೈಯಲ್ಲಿ ಸತ್ತವರು 719 ಮಂದಿ ಎನ್ನುವ ಆತ, ನಡುವೆ ಹನ್ನೆರಡು ವರ್ಷ ಸೆರೆಯಲ್ಲಿ ಕಳೆಯದಿದ್ದರೆ ಲೆಕ್ಕ ಸಾವಿರ ಮುಟ್ಟುತ್ತಿತ್ತೆಂದು ವಿಷಾದಿಸುತ್ತಾನೆ. ಸಾಹೇಬ ಹೆಚ್ಚು ಮಾತನಾಡುವುದಿಲ್ಲ. ಆತನ ಹೆಸರೂ ಓದುಗನಿಗೆ ಮುಖ್ಯವಾಗುವುದಿಲ್ಲ. ಮಾತಿನ ಇಡೀ ಹರವು ಅಪರಾಧಿಯದು. ಅವನ ಪ್ರೀತಿ, ಗೆಳೆತನ, ದೈವಭಕ್ತಿ, ಕಸುಬಿನ ಹೆಮ್ಮೆ ಎಲ್ಲವೂ ಅವನದೇ ದನಿಯಲ್ಲಿ ಬರುತ್ತವೆ. ವಸಾಹತುಶಾಹಿ ಪಠ್ಯವೊಂದರಲ್ಲಿ ಅಧೀನನಿಗೆ ಇಷ್ಟು ದೀರ್ಘವಾದ ಮಾತು ದೊರೆತುದು ಅಪರೂಪ. ಆದರೆ ಈ ಔದಾರ್ಯದ ಷರತ್ತನ್ನು ಮರೆಯುವಂತಿಲ್ಲ. ಮಾತನಾಡಿದರೆ ಮಾತ್ರ ಅವನ ಜೀವ ಉಳಿಯುತ್ತದೆ. ಆತನ ನಿರೂಪಣೆ ಕಥೆಯೂ ಹೌದು, ಇತರರನ್ನು ಗಲ್ಲಿಗೇರಿಸುವ ಸಾಕ್ಷ್ಯವೂ ಹೌದು. ಠಕ್ಕರ ಕುರಿತ ಬ್ರಿಟಿಷ್ ದಾಖಲೆಗಳನ್ನು ಎಷ್ಟರಮಟ್ಟಿಗೆ ನಂಬಬೇಕೆಂಬ ವಾಗ್ವಾದ ರಾಧಿಕಾ ಸಿಂಘಾ, ಕಿಮ್ ವಾಗ್ನರ್ ಮೊದಲಾದ ಇತಿಹಾಸಕಾರರ ನಡುವೆ ನಡೆದಿದೆ. ಠಕ್ಕರು ಕೇವಲ ಕಲ್ಪನೆಯೆನ್ನುವುದು ಅತಿರೇಕ. ಆದರೆ ಭಾರತದುದ್ದಕ್ಕೂ ಒಂದೇ ದೇವತೆಯ ಹೆಸರಿನಲ್ಲಿ ಹರಡಿದ್ದ ಒಂದೇ ಪಂಥವೆಂಬ ಚಿತ್ರವನ್ನು ಕಟ್ಟಿದ್ದು ಪ್ರಶ್ನೆ ಕೇಳುವವರ ನಿರೀಕ್ಷೆ ಎನ್ನಲು ಸಾಕಷ್ಟು ಆಧಾರವಿದೆ.

ಟೇಲರನ ಕೆಲಸದ ಸೀಮೆಯನ್ನು ನೆಲದ ಮೇಲಿಟ್ಟು ನೋಡಿದರೆ ಈ ಲೇಖನದ ಮೂರು ತಾಲ್ಲೂಕುಗಳು ಬೇರೆ ಬೇರೆ ಬಗೆಯಲ್ಲಿ ಅದಕ್ಕೆ ಸೇರುತ್ತವೆ. ಆಳಂದದ ವಾಯವ್ಯಕ್ಕೆ, ಹೆಚ್ಚು ದೂರವಿಲ್ಲದ ನಳದುರ್ಗ 1853ರಲ್ಲಿ ನಿಜಾಮನಿಂದ ಕಂಪನಿಯ ವಶಕ್ಕೆ ಬಂದಾಗ ಆ ಜಿಲ್ಲೆಯ ಆಡಳಿತ ವಹಿಸಿಕೊಂಡವನು ಟೇಲರನೇ. ಆಳಂದದ ಲಾಡ್ಲೆ ಮಶಾಯಕರ ದರ್ಗಾ, ಭೀಮಾ–ಅಮರ್ಜಾ ಸಂಗಮದಲ್ಲಿರುವ ಅಫಜಲಪುರ ತಾಲ್ಲೂಕಿನ ಗಾಣಗಾಪುರದ ದತ್ತಕ್ಷೇತ್ರ – ಇವು ದೂರದೂರದ ಯಾತ್ರಿಕರು ಗುಂಪುಗುಂಪಾಗಿ ಬರುವ ಸ್ಥಳಗಳು. ಅಪರಿಚಿತರು ದಾರಿಯಲ್ಲಿ ಜೊತೆಯಾಗುವುದು, ಒಂದೇ ಮರದಡಿ ಬುತ್ತಿ ಬಿಚ್ಚುವುದು, ರಕ್ಷಣೆಗಾಗಿ ದೊಡ್ಡ ತಂಡ ಸೇರಿಕೊಳ್ಳುವುದು ಇಂಥ ದಾರಿಗಳ ಸಹಜ ನಡವಳಿಕೆ. ಠಕ್ಕ ಕಥನದ ಭಯವೆಲ್ಲ ಈ ಸಹಜ ವಿಶ್ವಾಸದ ಮೇಲೆಯೇ ಕಟ್ಟಿದ್ದು.

ಜೇವರ್ಗಿಯ ಸಂಬಂಧ ಇನ್ನೂ ನೇರ. 1850ರ ಆಸುಪಾಸಿನಲ್ಲಿ ಟೇಲರ್ ಭೀಮಾತೀರದ ಫಿರೋಜಾಬಾದಿಗೆ ಸಮೀಪದ ಜೇವರ್ಗಿಯಲ್ಲಿ ಬೃಹತ್ ಶಿಲಾಯುಗದ ಕಲ್ಲುಗೋರಿಗಳನ್ನು ಅಗೆದು, ಅದರ ವರದಿಯನ್ನು ಮುಂಬಯಿಯ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲೂ, ಮುಂದೆ ಹೆಚ್ಚು ವಿಸ್ತಾರವಾಗಿ ರಾಯಲ್ ಐರಿಷ್ ಅಕಾಡೆಮಿಯ ಪ್ರಕಟಣೆಯಲ್ಲೂ ಬರೆದ. ಮಣ್ಣಿನ ಪದರಗಳನ್ನು ತೋರಿಸುವ ಆತನ ಸೀಳುನೋಟದ ರೇಖಾಚಿತ್ರಗಳನ್ನು ಒಂದು ಶತಮಾನದ ನಂತರ ಮಾರ್ಟಿಮರ್ ವ್ಹೀಲರ್ ಮೆಚ್ಚಿಕೊಂಡಿದ್ದಾನೆ. ರುಂಡ ಮುಂಡ ಬೇರೆಯಾಗಿದ್ದ ಅಸ್ಥಿಗಳನ್ನು ಕಂಡ ಟೇಲರ್ ಅವು ನರಬಲಿಯ ಗುರುತೆಂದು ಊಹಿಸುತ್ತಾನೆ. ಇಲ್ಲಿ ಪುರಾತತ್ತ್ವಜ್ಞನ ಕೈಯನ್ನು ಹಿಡಿದು ನಡೆಸುತ್ತಿರುವವನು ಪೊಲೀಸ್ ಅಧಿಕಾರಿ ಎಂದರೆ ತಪ್ಪಾಗದು. ಹೂತ ಹೆಣಗಳನ್ನು ಹೊರತೆಗೆದು ಠಕ್ಕನ ಹೇಳಿಕೆಯೊಡನೆ ತಾಳೆ ನೋಡುವುದು ಆ ಕಾಲದ ತನಿಖೆಯ ಮುಖ್ಯ ವಿಧಾನವಾಗಿತ್ತು. ಜೇವರ್ಗಿಯ ಗೋರಿಗಳಲ್ಲಿ ಮಾತ್ರ ಹೇಳಿಕೆ ಕೊಡುವವರು ಯಾರೂ ಇರಲಿಲ್ಲ.

ಬೆಳ್ಳಿತೆರೆಯ ಮೇಲಿನ ಉರುಲು

ಠಕ್ಕರ ವಿಷಯ ಬ್ರಿಟಿಷ್ ಬೆಳ್ಳಿತೆರೆಗೆ ಬಂದ ಎರಡು ಚಿತ್ರಗಳನ್ನು ಇಲ್ಲಿ ಪರಿಶೀಲಿಸಬಹುದು. ಅಮೆರಿಕದ ‘ಗಂಗಾ ದಿನ್’ (1939), ‘ಇಂಡಿಯಾನಾ ಜೋನ್ಸ್ ಅಂಡ್ ದಿ ಟೆಂಪಲ್ ಆಫ್ ಡೂಮ್’ (1984) ಚಿತ್ರಗಳು ಈ ವ್ಯಾಪ್ತಿಗೆ ಹೊರಗಿನವು. ಮೊದಲನೆಯದು ಹ್ಯಾಮರ್ ಸಂಸ್ಥೆಯ ‘ದಿ ಸ್ಟ್ರಾಂಗ್ಲರ್ಸ್ ಆಫ್ ಬಾಂಬೆ’ (1959). ಭಯಾನಕ ಚಿತ್ರಗಳಿಗೆ ಹೆಸರಾದ ಟೆರೆನ್ಸ್ ಫಿಷರ್ ಇದನ್ನು ಇಂಗ್ಲೆಂಡಿನ ಸ್ಟುಡಿಯೋದಲ್ಲಿ ಕಪ್ಪುಬಿಳುಪಿನಲ್ಲಿ ತಯಾರಿಸಿದ. ಕಣ್ಮರೆಯಾಗುತ್ತಿರುವ ದಾರಿಹೋಕರ ಬೆನ್ನುಹತ್ತುವ ಕಂಪನಿಯ ಕ್ಯಾಪ್ಟನ್ ಲೂಯಿಸ್ ಇದರ ನಾಯಕ. ರಚನೆಯಲ್ಲಿ ಇದು ಪತ್ತೇದಾರಿ ಚಿತ್ರವೇ. ಸೈಪ್ರಸ್ ಮೂಲದ ಜಾರ್ಜ್ ಪ್ಯಾಸ್ಟೆಲ್ ಇಲ್ಲಿ ಕಾಳಿಯ ಪೂಜಾರಿಯಾಗಿದ್ದಾನೆ. ಟೇಲರನ ಅಮೀರ್ ಅಲಿಗೆ ಇದ್ದ ಗೆಳೆತನ, ಸಂಸಾರ, ಹಾಸ್ಯ ಯಾವುದೂ ಈ ಪೂಜಾರಿಗಿಲ್ಲ. ಅವನು ಮಂತ್ರ ಹೇಳುತ್ತಾನೆ, ಅಪ್ಪಣೆ ಕೊಡುತ್ತಾನೆ. ಕಥೆ ಹೇಳುವ ಬಾಯಿ ಮುಚ್ಚಿಹೋಗಿದೆ. ಚಿತ್ರವಾಗಿ ಇದು ಸಾಧಾರಣ ಮಟ್ಟದ್ದು. ಈ ಮುಚ್ಚುವಿಕೆಯ ಕಾರಣಕ್ಕಷ್ಟೇ ಇಲ್ಲಿ ಪ್ರಸ್ತುತ.

ಎರಡನೆಯದು ಇಸ್ಮಾಯಿಲ್ ಮರ್ಚೆಂಟ್ ನಿರ್ಮಿಸಿ ನಿಕೋಲಸ್ ಮೆಯರ್ ನಿರ್ದೇಶಿಸಿದ ‘ದಿ ಡಿಸೀವರ್ಸ್’ (1988). ಭಾರತದಲ್ಲಿ ಸೈನ್ಯಾಧಿಕಾರಿಯಾಗಿದ್ದ ಜಾನ್ ಮಾಸ್ಟರ್ಸನ 1952ರ ಕಾದಂಬರಿ ಇದಕ್ಕೆ ಆಧಾರ. ನಿರ್ದೇಶಕ ಅದಕ್ಕೂ ಮೊದಲು ಷರ್ಲಾಕ್ ಹೋಮ್ಸನನ್ನು ಕುರಿತ ಕಾದಂಬರಿಯೊಂದನ್ನು ಬರೆದು ಹೆಸರಾಗಿದ್ದವನು. ನಾಯಕನಾಗಿ ನಟಿಸಿದ ಪಿಯರ್ಸ್ ಬ್ರಾಸ್ನನ್ ಏಳು ವರ್ಷಗಳ ನಂತರ ‘ಗೋಲ್ಡನ್‌ಐ’ (1995) ಚಿತ್ರದಲ್ಲಿ ಜೇಮ್ಸ್ ಬಾಂಡ್ ಆದವನು. ಪತ್ತೇದಾರಿ ಮತ್ತು ಬೇಹು ಎರಡೂ ಪರಂಪರೆಗಳು ಠಕ್ಕರ ಕಥೆಯೊಳಗೆ ಕೂಡಿಕೊಂಡದ್ದನ್ನು ಆಕಸ್ಮಿಕವೆಂದು ಬಿಟ್ಟುಬಿಡಬಹುದು. ಆದರೆ ಚಿತ್ರದ ಒಡಲಿನಲ್ಲೂ ಅದೇ ಕೂಡಿಕೆ ಇದೆ. ಕಂಪನಿಯ ಅಧಿಕಾರಿ ವಿಲಿಯಂ ಸ್ಯಾವೇಜ್ ಕಾಣೆಯಾದ ಗೋಪಾಲನೆಂಬ ನೇಕಾರನ ವೇಷ ಧರಿಸಿ, ಮೈಗೆ ಬಣ್ಣ ಬಳಿದುಕೊಂಡು, ಸೆರೆಸಿಕ್ಕ ಠಕ್ಕ ಹುಸೇನನ (ಸಯೀದ್ ಜಾಫ್ರಿ) ಮಾರ್ಗದರ್ಶನದಲ್ಲಿ ಠಕ್ಕರ ತಂಡವನ್ನು ಸೇರುತ್ತಾನೆ. ವೇಷ ನಿಲ್ಲಬೇಕಾದರೆ ಕೊಲ್ಲಬೇಕು. ಆ ಸುಳಿಗೆ ಅವನೂ ಸಿಲುಕುತ್ತಾನೆ. ಠಕ್ಕರ ಪ್ರಸಾದದ ಬೆಲ್ಲ ತಿಂದವನು ಠಕ್ಕನಾಗದೆ ಇರಲಾರನೆಂಬ ಟೇಲರನ ಕಾಲದ ನಂಬಿಕೆ ಮಾಸ್ಟರ್ಸನ ಕಾದಂಬರಿಯಲ್ಲಿ ಸಾಹೇಬನ ಮೇಲೆಯೇ ತಿರುಗಿಬೀಳುತ್ತದೆ.

ಟೇಲರನಿಂದ ಮಾಸ್ಟರ್ಸನವರೆಗೆ ಆದ ಪಲ್ಲಟ ಇಲ್ಲಿ ಸ್ಪಷ್ಟವಾಗುತ್ತದೆ. ಮೊದಲಿಗೆ ಠಕ್ಕ ಮಾತನಾಡುತ್ತಿದ್ದ, ಸಾಹೇಬ ಕೇಳುತ್ತಿದ್ದ. ಈಗ ಸಾಹೇಬನೇ ಠಕ್ಕನ ಮೈಯನ್ನು ಹೊಕ್ಕಿದ್ದಾನೆ. ಠಕ್ಕನ ಅನುಭವವೂ, ಪಾಪಪ್ರಜ್ಞೆಯೂ, ಪ್ರೇಕ್ಷಕನ ಕರುಣೆಯೂ ಸಾಹೇಬನ ಆಸ್ತಿಯಾಗಿವೆ. ಹುಸೇನನಿಗೆ ಉಳಿದಿರುವುದು ದಾರಿ ತೋರುವ ಕೆಲಸ. ಬಾಂಡ್ ಚಿತ್ರವಾದ ‘ಆಕ್ಟೋಪಸಿ’ಯಲ್ಲಿ (1983) ವಿಜಯ್ ಅಮೃತರಾಜ್ ಅಭಿನಯಿಸಿದ ಭಾರತೀಯ ಬೇಹುಗಾರ ಹಾವಾಡಿಗನಾಗಿ ಕುಳಿತು ಪುಂಗಿಯಲ್ಲಿ ಬಾಂಡನ ಸಂಗೀತವನ್ನೇ ನುಡಿಸಿ ಗುರುತು ಹೇಳಿಕೊಳ್ಳುತ್ತಾನೆ, ನಂತರ ಬಾಂಡನ ಕೆಲಸಕ್ಕಾಗಿ ಸಾಯುತ್ತಾನೆ. ವಿನೋದಕ್ಕೆಂದು ಸೇರಿಸಿದ ಈ ದೃಶ್ಯವೇ ಆ ಪಲ್ಲಟಕ್ಕೆ ಒಳ್ಳೆಯ ಭಾಷ್ಯದಂತಿದೆ.

ಹಗಲುವೇಷ ಮತ್ತು ಸಿಐಡಿ

‘ಡಾ. ನೋ’ (1962) ಚಿತ್ರದ ಪ್ರೇರಣೆಯಿಂದ ದೊರೈ–ಭಗವಾನ್ ಜೋಡಿ ‘ಜೇಡರ ಬಲೆ’ (1968) ಚಿತ್ರವನ್ನು ನಿರ್ದೇಶಿಸಿ, ರಾಜ್‌ಕುಮಾರ್ ಅವರನ್ನು ಸಿಐಡಿ 999 ಪ್ರಕಾಶನನ್ನಾಗಿ ತೆರೆಗೆ ತಂದುದು ಕನ್ನಡ ಚಿತ್ರರಂಗದ ಪರಿಚಿತ ಇತಿಹಾಸ. ‘ಗೋವಾದಲ್ಲಿ ಸಿಐಡಿ 999’ (1968), ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’ (1969), ‘ಆಪರೇಷನ್ ಡೈಮಂಡ್ ರಾಕೆಟ್’ (1978) ಅದನ್ನು ಮುಂದುವರಿಸಿದವು. ಎನ್. ನರಸಿಂಹಯ್ಯ, ಮ. ರಾಮಮೂರ್ತಿ ಅವರ ಪತ್ತೇದಾರಿ ಕಾದಂಬರಿಗಳು ಇದಕ್ಕೆ ಬೇಕಾದ ಓದುಗ–ಪ್ರೇಕ್ಷಕ ವರ್ಗವನ್ನು ಮೊದಲೇ ಸಿದ್ಧಗೊಳಿಸಿದ್ದವು. ಸಂಖ್ಯೆ, ಸಾಧನ ಸಲಕರಣೆ, ಖಳನ ಗುಪ್ತನೆಲೆ ಇವೆಲ್ಲ ಬಾಂಡನಿಂದ ಬಂದವೆಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಸಂಖ್ಯೆಗಿಂತ ಮೊದಲು ಬರುವ ಮೂರು ಅಕ್ಷರಗಳ ಕಡೆಗೆ ಮಾತ್ರ ಗಮನ ಹರಿದಿಲ್ಲ. ಸ್ಲೀಮನ್ ಕಟ್ಟಿ ಬೆಳೆಸಿದ ‘ಠಗ್ಗಿ ಮತ್ತು ಡಕಾಯಿತಿ ಇಲಾಖೆ’ಯನ್ನು 1904ರಲ್ಲಿ ಮುಚ್ಚಿ, ಅದರ ಸ್ಥಾನದಲ್ಲಿ ಕೇಂದ್ರ ಅಪರಾಧ ಗುಪ್ತಚರ ಇಲಾಖೆಯನ್ನು ಸ್ಥಾಪಿಸಲಾಯಿತು. ಪ್ರಾಂತಗಳಲ್ಲಿ ಸಿಐಡಿಗಳು ರೂಪುಗೊಂಡದ್ದೂ ಆ ದಶಕದಲ್ಲೇ. ಹೀಗೆ ಕನ್ನಡದ ನೆಚ್ಚಿನ ಗೂಢಚಾರನ ಬಿರುದು ಬಾಂಡನ ಲಂಡನ್ನಿಗಿಂತ ಹತ್ತಿರದ, ತಂತಿಕಳ್ಳರ ಬೆನ್ನುಹತ್ತಿದ ಕಚೇರಿಯ ವಂಶಾವಳಿಗೆ ಸೇರಿದೆ.

ಆದರೆ 999ನ ವೇಷ ಸ್ಯಾವೇಜನ ವೇಷವಲ್ಲ. ಸ್ಯಾವೇಜ್ ತಾನು ಆಳುವ ಜನರೊಳಗೆ ಹೊಕ್ಕಬೇಕಾದ ಅನ್ಯ. ಪ್ರಕಾಶ ಆ ಜನರಲ್ಲೇ ಒಬ್ಬ. ಇನ್ನೂ ಮುಖ್ಯವಾದ ಭೇದ ನೋಡುವವನ ಕಡೆಯದು. ಕಲಬುರಗಿ, ರಾಯಚೂರು ಭಾಗದ ಹಗಲುವೇಷಗಾರರು ಹಾಡುಹಗಲಲ್ಲಿ ಮನೆಯಂಗಳಕ್ಕೆ ರಾಮನಾಗಿ, ರಾವಣನಾಗಿ ಬಂದಾಗ ಯಾರೂ ಮೋಸಹೋಗುವುದಿಲ್ಲ. ವೇಷವೆಂದು ಗೊತ್ತಿದ್ದೇ ಜನ ಕೈಮುಗಿಯುತ್ತಾರೆ, ದವಸ ಕೊಡುತ್ತಾರೆ. ಗುಬ್ಬಿ ಕಂಪನಿಯ ರಂಗಭೂಮಿಯಲ್ಲಿ ಪಳಗಿ ಬಂದ ರಾಜ್‌ಕುಮಾರ್ ತೆರೆಯ ಮೇಲೆ ಯಾವ ವೇಷ ಧರಿಸಿದರೂ ಪ್ರೇಕ್ಷಕ ಗುರುತಿಸುವುದು ರಾಜ್‌ಕುಮಾರರನ್ನೇ. ಗುರುತಿಸುವುದೇ ಅಲ್ಲಿನ ಸುಖ. ವೇಷ ಕಳಚಿದರೆ ಸಾವು ಎಂಬ ಬ್ರಿಟಿಷ್ ಚಿತ್ರದ ಆತಂಕ ಕನ್ನಡಕ್ಕೆ ಬರುವಾಗ ಈ ಬಹಿರಂಗ ವೇಷದ ಪರಂಪರೆಯಲ್ಲಿ ಕರಗಿಹೋಯಿತು. ಇದನ್ನು ಅನುಕರಣೆಯ ಸೋಲೆಂದು ಕಂಡ ವಿಮರ್ಶೆ ಸರಿಯಲ್ಲ.

ಬಾಯಿ ಬಿಡದವನು

ಇಷ್ಟಾದರೂ ಒಂದು ಸಂಗತಿ ಉಳಿದುಕೊಳ್ಳುತ್ತದೆ. ಜೇವರ್ಗಿಯ ನೆರೆಯ ಸುರಪುರದಲ್ಲಿ 1841ರಿಂದ 1853ರವರೆಗೆ ಟೇಲರ್ ನೋಡಿಕೊಂಡದ್ದು ಬಾಲಕ ರಾಜ ವೆಂಕಟಪ್ಪನಾಯಕನ ಪರವಾದ ಆಡಳಿತವನ್ನು. ರಾಣಿ ಈಶ್ವರಮ್ಮನೊಡನೆ ಜಗಳ, ರಾಜಿಗಳ ನಡುವೆ ಬೆಳೆದ ಆ ಹುಡುಗ ಟೇಲರನನ್ನು ಕರೆಯುತ್ತಿದ್ದುದು ‘ಅಪ್ಪಾ’ ಎಂದು. 1858ರಲ್ಲಿ ದಂಗೆಯೆದ್ದು ಸೋತ ವೆಂಕಟಪ್ಪನಾಯಕ ಹೈದರಾಬಾದಿನಲ್ಲಿ ಸೆರೆಸಿಕ್ಕಾಗ, ಅವನನ್ನು ಪ್ರಚೋದಿಸಿದವರು ಯಾರೆಂದು ತಿಳಿಯುವ ಆಸೆ ರೆಸಿಡೆಂಟನಿಗಿತ್ತು. ಸೆರೆಮನೆಯಲ್ಲಿ ಟೇಲರ್ ಅವನನ್ನು ಕಂಡ. ಠಕ್ಕರಿಂದ ಹೇಳಿಕೆ ಪಡೆದು ಪಳಗಿದ್ದ ಕಿವಿ, ತಂದೆಯೆಂದು ಕರೆಸಿಕೊಂಡ ಸಲುಗೆ, ಎರಡೂ ಆತನಿಗಿದ್ದವು. ಹೆಸರು ಹೇಳಿದರೆ ಶಿಕ್ಷೆ ಹಗುರವಾಗುವ ಸೂಚನೆಯೂ ಇತ್ತು. ರಾಜ ಹೇಳಲಿಲ್ಲ. ಕಳ್ಳನಂತೆ ನೇಣಿಗೇರಿಸದೆ ತೋಪಿನ ಬಾಯಿಗೆ ಕಟ್ಟಲಿ ಎಂಬುದಷ್ಟೇ ಆತ ಕೇಳಿಕೊಂಡದ್ದು. ಮರಣದಂಡನೆ ಮೊದಲು ಜೀವಾವಧಿಗೂ ನಂತರ ನಾಲ್ಕು ವರ್ಷಗಳ ಸೆರೆಗೂ ಇಳಿಯಿತು. ಚೆಂಗಲ್ಪಟ್ಟಿಗೆ ಒಯ್ಯುವ ದಾರಿಯಲ್ಲಿ, ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿನಿಂದ ಆತ ಸತ್ತ. ತಾನೇ ಹಾರಿಸಿಕೊಂಡನೆಂಬುದು ಬ್ರಿಟಿಷರ ದಾಖಲೆ. ಸುರಪುರದ ಸೀಮೆ ಅದನ್ನು ಇಂದಿಗೂ ಪೂರ್ತಿ ಒಪ್ಪಿಲ್ಲ.

ಬಾಯಿಬಿಟ್ಟ ಅಮೀರ್ ಅಲಿಗೆ ಮೂರು ಸಂಪುಟಗಳು ದೊರೆತವು. ಆ ಕಥನದ ಸಂತತಿ ತೆರೆಯವರೆಗೂ ಬಂತು. ಬಾಯಿಬಿಡದ ವೆಂಕಟಪ್ಪನಾಯಕನ ಭೇಟಿ ಟೇಲರನ ಆತ್ಮಕಥೆಯ ಕೆಲವೇ ಪುಟಗಳಲ್ಲಿ ನಿಂತಿತು. 1909ರಲ್ಲಿ ಸಾವರ್ಕರ್ ಆ ಪುಟಗಳನ್ನು ಎತ್ತಿಕೊಂಡು ತಮ್ಮ 1857ರ ಚರಿತ್ರೆಯಲ್ಲಿ ಬಳಸಿದರು. ಅವರಿಗೂ ಬೇರೆ ಆಕರವಿರಲಿಲ್ಲ. ಸೆರೆಮನೆಯ ಆ ಕೋಣೆಯಲ್ಲಿ ಏನು ನಡೆಯಿತೆಂಬುದಕ್ಕೆ ವಿಚಾರಣೆಗೆ ಹೋದವನ ಬರಹವೇ ಸಾಕ್ಷಿ. ರಾಜ ಹೇಳದೆ ಉಳಿಸಿಕೊಂಡ ಹೆಸರುಗಳು ಅದರಲ್ಲಿ ಇಲ್ಲ.